‘ನಲುವತ್ತನಾಲ್ಕ’ಕ್ಕೆ ನಮ್ಮ ಮನೆಯ ಕಟ್ಟಳೆ: ಮೆಮ್ವಾರ್ 44 ಆಟದ ವಿಮರ್ಶೆ

ಐದು ಆಳು, ನಾಲ್ಕು ದಾಳ: ಮೆಮ್ವಾರ್ 44 ಎಂಬ ಹಲಗೆಯಾಟದ ಕಮಾಂಡೋ ದಳಕ್ಕೆಂದು ನಮ್ಮ ಮನೆಯಲ್ಲಿ ಮೊದಲು ಬರೆದ ಕಟ್ಟಳೆ ಇಷ್ಟೇ ಆಗಿತ್ತು. ಕಳೆದ ವರ್ಷದ ಆಟಿ ತಿಂಗಳ ಒಂದು ಮಧ್ಯಾಹ್ನ, ಬದಿಯಡ್ಕದ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ, ಹೊರಗೆ ಅಂಗಳದ ತುಂಬ ಕಾಲು ಮುಳುಗುವಷ್ಟು ನೀರು ಹರಿಯುತ್ತಿದ್ದಾಗ, ಆ ಕಟ್ಟಳೆಯನ್ನು ಜಾರಿಗೆ ತಂದೆವು. ಅರ್ಧ ಗಂಟೆ ಕಳೆಯುವುದರೊಳಗೆ ನನ್ನ ಎಡಪಕ್ಕದ ಸೈನ್ಯವೆಲ್ಲ ಹಲಗೆಯಿಂದಿಳಿದು ಪೆಟ್ಟಿಗೆ ಸೇರಿತು. ಗೆದ್ದವನು ನನ್ನ ಸೋದರಳಿಯ. ಆದರೆ ಅವನ ಮುಖದಲ್ಲಿಯೂ ಗೆಲುವಿರಲಿಲ್ಲ. “ಮಾವ, ಇದು ಕಮಾಂಡೋ ಅಲ್ಲ, ಜೆಸಿಬಿ” ಎಂದು ಅವನೇ ಹೇಳಿ ಆ ಕಾಗದವನ್ನು ಹರಿದುಹಾಕಿದ. ಆ ದಿನದಿಂದ ಈವರೆಗೆ, ಎರಡು ಮಳೆಗಾಲಗಳ ಅವಧಿಯಲ್ಲಿ, ನಾವು ಬರೆದು ಹರಿದ ಕಾಗದಗಳು ಸಾಕಷ್ಟಿವೆ. ಈ ಯುದ್ಧದಾಟವನ್ನು ಕೊಳ್ಳಬಹುದೇ ಎಂದು ವಿಚಾರಿಸಿದ ಕೆಲವು ಗೆಳೆಯರಿಗಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ; ಆದರೆ ಪೆಟ್ಟಿಗೆಯಲ್ಲಿ ಏನೇನಿದೆ ಎಂಬ ಪಟ್ಟಿಗಿಂತ, ನಮ್ಮ ಕೈಯಾಡಿಸುವಿಕೆಯನ್ನು ಈ ಆಟ ಎಷ್ಟರ ಮಟ್ಟಿಗೆ ತಾಳಿಕೊಳ್ಳುತ್ತದೆ ಎಂಬುದನ್ನೇ ಇಲ್ಲಿ ಹೆಚ್ಚಾಗಿ ಹೇಳಬೇಕೆಂದಿದ್ದೇನೆ.

ರಿಚರ್ಡ್ ಬೋರ್ಗ್ ರೂಪಿಸಿದ ಈ ಆಟವನ್ನು ಡೇಸ್ ಆಫ್ ವಂಡರ್ ಸಂಸ್ಥೆ 2004ರಲ್ಲಿ, ಎಂದರೆ ಎರಡನೆಯ ಮಹಾಯುದ್ಧದ ನಾರ್ಮಂಡಿ ದಾಳಿಗೆ ಅರುವತ್ತು ವರ್ಷ ತುಂಬಿದ ಸಂದರ್ಭದಲ್ಲಿ, ಹೊರತಂದಿತು. ಇಬ್ಬರು ಆಡುವ ಆಟ. ಹಲಗೆಯ ಮೇಲೆ ಆರು ಮೂಲೆಯ ಮನೆಗಳು ಅಗಲಕ್ಕೆ ಹದಿಮೂರು, ಉದ್ದಕ್ಕೆ ಒಂಬತ್ತು ಸಾಲು. ಅವುಗಳ ಮೇಲೆ ಕಾಡು, ಗುಡ್ಡ, ಊರು, ಹೊಳೆಗಳ ತುಂಡುಗಳನ್ನು ಜೋಡಿಸಿದರೆ ರಣಭೂಮಿ ಸಿದ್ಧ. ಇಡೀ ಹಲಗೆಯನ್ನು ಎಡ, ನಡು, ಬಲ ಎಂದು ಮೂರು ಪಾಲು ಮಾಡಲಾಗಿದ್ದು, ಕೈಯಲ್ಲಿರುವ ಕಾರ್ಡು ಯಾವ ಪಾಲಿನಲ್ಲಿ ಎಷ್ಟು ದಳಗಳಿಗೆ ಅಪ್ಪಣೆ ಕೊಡಬಹುದೆಂದು ಹೇಳುತ್ತದೆಯೋ ಅಷ್ಟಕ್ಕೆ ಮಾತ್ರ ಆ ಸರದಿಯಲ್ಲಿ ಚಲನೆ. ಕಾಲಾಳು ದಳಕ್ಕೆ ನಾಲ್ಕು ಗೊಂಬೆ, ಟ್ಯಾಂಕ್ ದಳಕ್ಕೆ ಮೂರು, ಫಿರಂಗಿಗೆ ಎರಡು. ಕಾಲಾಳು ಒಂದು ಮನೆ ನಡೆದು ಹೊಡೆಯಬಹುದು, ಇಲ್ಲವೇ ಹೊಡೆಯದೆ ಎರಡು ಮನೆ ನಡೆಯಬಹುದು. ಶತ್ರು ಪಕ್ಕದ ಮನೆಯಲ್ಲಿದ್ದರೆ ಅದಕ್ಕೆ ಮೂರು ದಾಳ, ಎರಡನೆಯ ಮನೆಯಲ್ಲಿದ್ದರೆ ಎರಡು, ಮೂರನೆಯದರಲ್ಲಿದ್ದರೆ ಒಂದು. ಶತ್ರುವಿನ ಒಂದು ದಳ ಪೂರ್ತಿ ಅಳಿದರೆ ಒಂದು ಪದಕ, ಗೊತ್ತುಪಡಿಸಿದಷ್ಟು ಪದಕ ಮೊದಲು ಗಳಿಸಿದವರಿಗೆ ಜಯ. ಚೆನ್ನೆಮಣೆ ಆಡಿ ಬೆಳೆದ ನನ್ನ ತಾಯಿಯವರಿಗೆ ಇಷ್ಟನ್ನು ವಿವರಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಪುಸ್ತಿಕೆಯಲ್ಲಿಲ್ಲದ ಇಂಥ ಮನೆಕಟ್ಟಳೆ ಮಾಡಹೊರಟವರು ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು ದಾಳವನ್ನು. ಇದರ ಆರು ಮುಖಗಳಲ್ಲಿ ಎರಡರಲ್ಲಿ ಕಾಲಾಳಿನ ಚಿತ್ರ, ಉಳಿದ ನಾಲ್ಕರಲ್ಲಿ ಕ್ರಮವಾಗಿ ಟ್ಯಾಂಕ್, ಗ್ರೆನೇಡ್, ಬಾವುಟ ಮತ್ತು ನಕ್ಷತ್ರ. ಗ್ರೆನೇಡ್ ಬಿದ್ದರೆ ಎದುರಿಗಿರುವುದು ಯಾವ ದಳವಾದರೂ ಒಂದು ಗೊಂಬೆ ಹೋಯಿತು. ಕಾಲಾಳಿನ ಮುಖ ಕಾಲಾಳಿಗೆ, ಟ್ಯಾಂಕಿನ ಮುಖ ಟ್ಯಾಂಕಿಗೆ ಮಾತ್ರ ತಾಗುತ್ತದೆ. ಆದುದರಿಂದ ಒಂದು ದಾಳ ಕಾಲಾಳಿಗೆ ತಾಗುವ ಸಂಭವ ಎರಡರಲ್ಲಿ ಒಂದು, ಟ್ಯಾಂಕಿಗೆ ಮೂರರಲ್ಲಿ ಒಂದು, ತನ್ನದೇ ಚಿತ್ರವಿಲ್ಲದ ಫಿರಂಗಿಗೆ ಆರರಲ್ಲಿ ಒಂದು. ಬಾವುಟ ಬಿದ್ದರೆ ಆ ದಳ ಒಂದು ಮನೆ ಹಿಂದೆ ಸರಿಯಬೇಕು, ಸರಿಯಲು ಜಾಗವಿಲ್ಲದಿದ್ದರೆ ಒಂದು ಗೊಂಬೆಯನ್ನು ತೆರಬೇಕು. ನಕ್ಷತ್ರ ಕೆಲವು ಕಾರ್ಡುಗಳ ಜೊತೆಗಲ್ಲದೆ ಉಪಯೋಗಕ್ಕೆ ಬಾರದು. ಇನ್ನೊಂದು ಮುಖ್ಯ ಸಂಗತಿಯೆಂದರೆ, ದಳದಲ್ಲಿ ಎಷ್ಟು ಗೊಂಬೆಗಳು ಉಳಿದಿವೆ ಎಂಬುದಕ್ಕೂ ಅದು ಎಷ್ಟು ದಾಳ ಹಾಕುತ್ತದೆ ಎಂಬುದಕ್ಕೂ ಸಂಬಂಧವಿಲ್ಲ; ಒಬ್ಬನೇ ಉಳಿದರೂ ಪಕ್ಕದ ಶತ್ರುವಿನ ಮೇಲೆ ಮೂರು ದಾಳವೇ. ಗೊಂಬೆಗಳ ಸಂಖ್ಯೆ ದಳದ ಆಯುಸ್ಸನ್ನು ಹೇಳುತ್ತದೆ, ಬಲವನ್ನಲ್ಲ. ಇದನ್ನು ಗಮನಿಸದೆ ಬರೆದ ಕಟ್ಟಳೆಗಳೇ ನಮ್ಮಲ್ಲಿ ಹೆಚ್ಚು ಹರಿದುಹೋದವು.

ಕಮಾಂಡೋಗಳಂಥ ಆಯ್ದ ಕಾಲಾಳು ದಳಗಳಿಗೆ ಆಟದ ಪುಸ್ತಿಕೆ ಕೊಟ್ಟಿರುವ ವಿಶೇಷ ಒಂದೇ: ಅವು ಎರಡು ಮನೆ ನಡೆದೂ ಹೊಡೆಯಬಲ್ಲವು. ಗೊಂಬೆ ಹೆಚ್ಚಿಲ್ಲ, ದಾಳ ಹೆಚ್ಚಿಲ್ಲ. ಗುರುತಿಗೆ ಒಂದು ಸಣ್ಣ ಬಿಲ್ಲೆಯನ್ನು ದಳದ ಜೊತೆಗಿಡಬೇಕು. (ನಮ್ಮ ಬಿಲ್ಲೆಗಳಲ್ಲಿ ಎರಡು ಜಗಲಿಯ ಸಂದಿನಲ್ಲಿ ಎಲ್ಲಿಯೋ ಸೇರಿಹೋದುದರಿಂದ, ಈಗ ಚೆನ್ನೆಮಣೆಯ ಕೆಂಪು ಕಾಯಿಗಳು ಆ ಕೆಲಸ ಮಾಡುತ್ತಿವೆ, ಹಸಿರು ಗೊಂಬೆಗಳ ನಡುವೆ ಅವೇ ಎದ್ದು ಕಾಣುತ್ತವೆ.) ಮೊದಲ ನೋಟಕ್ಕೆ ಇದು ಜಿಪುಣತನದಂತೆ ತೋರುತ್ತದೆ. ಆದರೆ ಹತ್ತು ಆಟ ಆಡಿದ ಮೇಲೆ ಇದರ ಜಾಣತನ ತಿಳಿಯುತ್ತದೆ. ಸಾಮಾನ್ಯ ಕಾಲಾಳು ಮೂರು ಮನೆಯಾಚೆಗಿನ ಶತ್ರುವಿನ ಪಕ್ಕಕ್ಕೆ ಬಂದು ಹೊಡೆಯಬೇಕಾದರೆ ಎರಡು ಸರದಿ ಬೇಕು, ಆ ನಡುವೆ ಒಂದು ಸರದಿ ಶತ್ರುವಿನ ಗುಂಡಿಗೆ ಎದೆಯೊಡ್ಡಬೇಕು. ಆಯ್ದ ದಳ ಅದನ್ನು ಒಂದೇ ಸರದಿಯಲ್ಲಿ ಮುಗಿಸುತ್ತದೆ. ಎಂದರೆ ಮೊದಲ ಏಟು ಅದರದ್ದೇ. ತೆಂಕುತಿಟ್ಟಿನ ಯಕ್ಷಗಾನ ನೋಡಿದವರಿಗೆ ಒಂದು ಮಾತಿನಲ್ಲಿ ಹೇಳಬಹುದು: ಇದು ಪುಂಡುವೇಷದ ಚುರುಕೇ ಹೊರತು ಬಣ್ಣದ ವೇಷದ ಭಾರವಲ್ಲ.

ಹಾಗಿದ್ದ ಮೇಲೆ ಕಟ್ಟಳೆಗೆ ಕೈಹಾಕಿದ್ದೇಕೆ? ಕಾರಣ ನಾರ್ಮಂಡಿ ತೀರದ ಪಾಯಿಂಟ್ ಡು ಹಾಕ್ ಎಂಬಲ್ಲಿನ ಕದನ. 1944ರ ಜೂನ್ 6ರ ಬೆಳಿಗ್ಗೆ ಅಮೆರಿಕದ ಎರಡನೆಯ ರೇಂಜರ್ (ಕಮಾಂಡೋ) ಪಡೆಯ 225 ಮಂದಿ, ಲೆಫ್ಟಿನೆಂಟ್ ಕರ್ನಲ್ ಜೇಮ್ಸ್ ರಡ್ಡರ್ ನೇತೃತ್ವದಲ್ಲಿ, ಸಮುದ್ರದಿಂದ ನೇರ ಎದ್ದುನಿಂತ ಸುಮಾರು ನೂರು ಅಡಿಯ ಬಂಡೆಯನ್ನು ಹಗ್ಗ ಹಿಡಿದು ಹತ್ತಿದರು. ಮೇಲೆ ಇರಬೇಕಾಗಿದ್ದ 155 ಮಿಲಿಮೀಟರ್ ಫಿರಂಗಿಗಳು ಅಲ್ಲಿರಲಿಲ್ಲ. ಒಳನಾಡಿನ ದಾರಿಯ ಬದಿಯಲ್ಲಿ ಅವನ್ನು ಪತ್ತೆಹಚ್ಚಿ, ಲೋಹ ಕರಗಿಸುವ ಥರ್ಮೈಟ್ ಗ್ರೆನೇಡುಗಳಿಂದ ಕೆಡಿಸಿ, ನೆರವು ಬರುವವರೆಗೆ ಎರಡು ದಿನ ಅಲ್ಲೇ ತಡೆದು ನಿಂತರು. ಕೊನೆಗೆ ಆಯುಧ ಹಿಡಿಯಬಲ್ಲ ಸ್ಥಿತಿಯಲ್ಲಿ ಉಳಿದವರು ಸುಮಾರು 90. ಈ ಕತೆಯನ್ನು ಓದಿ ಹಲಗೆಗೆ ಬಂದ ನಮ್ಮ ಹುಡುಗರಿಗೆ, ಒಂದು ಬಾವುಟ ಬಿದ್ದ ಮಾತ್ರಕ್ಕೆ ರೇಂಜರುಗಳು ಬಂಡೆಯಂಚಿಗೆ ಮರಳಿ ಓಡುವುದು ಒಪ್ಪಿಗೆಯಾಗಲಿಲ್ಲ. ಆಟದಲ್ಲಿ ಆಯ್ದ ದಳಕ್ಕೆ ಕಾಲಿನ ವೇಗವಿದೆ, ನಿಲ್ಲುವ ಗಟ್ಟಿತನವಿಲ್ಲ ಎಂಬ ಅವರ ಆಕ್ಷೇಪ ನ್ಯಾಯವಾದದ್ದೇ.

ಆದರೆ ಗಟ್ಟಿತನವನ್ನು ತರಲು ಹೋಗಿ ನಾವು ತಂದದ್ದು ದಪ್ಪತನವನ್ನು. ನಾಲ್ಕನೆಯ ದಾಳ ಏಕೆ ಆಟವನ್ನು ಕೆಡಿಸಿತು ಎಂಬುದನ್ನು ಆ ರಾತ್ರಿ ಕರೆಂಟು ಹೋದ ಮೇಲೆ ಲೆಕ್ಕ ಹಾಕಿ ನೋಡಿದೆ. ನಾಲ್ಕು ಗೊಂಬೆಗಳ ಪೂರ್ಣ ಕಾಲಾಳು ದಳವನ್ನು ಮೂರು ದಾಳಗಳು ಒಂದೇ ಏಟಿಗೆ ಅಳಿಸಲಾರವು, ಅದು ಸಾಧ್ಯವೇ ಇಲ್ಲ. ಈ ಆಟದ ಸಮತೋಲವೆಲ್ಲ ನಿಂತಿರುವುದು ಆ ಒಂದು ಭರವಸೆಯ ಮೇಲೆ: ಇಂದು ಏಟು ತಿಂದ ದಳ ನಾಳೆ ತಿರುಗಿ ಹೊಡೆಯುವ ಅವಕಾಶ ಪಡೆಯುತ್ತದೆ. ನಾಲ್ಕು ದಾಳ ಕೊಟ್ಟೊಡನೆ ಒಂದೇ ಏಟಿನ ಸಾವು ಹದಿನಾರರಲ್ಲಿ ಒಂದು ಸಲ ಸಂಭವಿಸತೊಡಗುತ್ತದೆ. ಟ್ಯಾಂಕುಗಳ ವಿಷಯದಲ್ಲಿ ಇನ್ನೂ ಕಷ್ಟ; ಮೂರು ದಾಳಗಳಿಂದ ಪೂರ್ಣ ಟ್ಯಾಂಕ್ ದಳ ಒಮ್ಮೆಗೇ ನಾಶವಾಗುವ ಸಂಭವ 27ರಲ್ಲಿ ಒಂದಿದ್ದದ್ದು, ನಾಲ್ಕು ದಾಳಗಳಿಂದ ಒಂಬತ್ತರಲ್ಲಿ ಒಂದಾಗುತ್ತದೆ. ಒಂದು ದಾಳ ಹೆಚ್ಚಿಸಿದರೆ ಬಲ ಮೂರನೆಯ ಒಂದಂಶ ಹೆಚ್ಚಬಹುದೆಂದು ನಾನು ತಿಳಿದಿದ್ದೆ; ಅಪಾಯ ಮೂರು ಪಟ್ಟಾಗಿತ್ತು. ಪಕ್ಕದಲ್ಲಿರುವ ಶತ್ರುವಿನ ಮೇಲೆ ಒಂದು ದಾಳ ಹೆಚ್ಚಿಸುವ ಕಾರ್ಡು ಆಟದಲ್ಲಿಯೇ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಅದು ಒಂದು ಸರದಿಯ ಮಟ್ಟಿಗೆ, ಅದೂ ನಡೆಯದೆ ನಿಂತಲ್ಲಿಂದ ಹೊಡೆದರೆ ಮಾತ್ರ. ಹಬ್ಬದ ದಿನದ ಪಾಯಸವನ್ನು ದಿನವೂ ಬಡಿಸಿದರೆ ಏನಾಗುತ್ತದೋ ನಾವು ಅದನ್ನೇ ಮಾಡಿದ್ದೆವು. ಕಾರ್ಡು ಬಿದ್ದಾಗ ನಮ್ಮ ಕಮಾಂಡೋಗಳ ಕೈಗೆ ಐದು ದಾಳಗಳು ಬಂದವು, ಅಲ್ಲಿಗೆ ಆಟ ಮುಗಿಯಿತು.

ನಮ್ಮ ಊರಿನ ಆಡುಹುಲಿ ಆಟ ಈ ವಿಷಯದಲ್ಲಿ ನನಗೆ ಪಾಠ ಹೇಳಿತು. ಮೂರು ಹುಲಿ, ಹದಿನೈದು ಆಡು. ಹುಲಿ ಹಾರಿ ಕೊಲ್ಲಬಲ್ಲದು, ಆಡಿಗೆ ಕೊಲ್ಲುವ ಶಕ್ತಿಯೇ ಇಲ್ಲ. ಆದರೂ ಆಡಿನ ಕಡೆಯವರು ಗೆಲ್ಲುತ್ತಾರೆ. ಏಕೆಂದರೆ ಹುಲಿಗೆ ಹಾರಲು ಆಚೆ ಬದಿಯಲ್ಲಿ ಖಾಲಿ ಜಾಗ ಬೇಕು, ಆ ಜಾಗವನ್ನು ತುಂಬುತ್ತ ಹೋದರೆ ಹುಲಿ ಕಟ್ಟಿಬೀಳುತ್ತದೆ. ಯಾವ ಹಿರಿಯರು ಅದನ್ನು ರೂಪಿಸಿದರೋ, ಬಲಶಾಲಿಯ ಬಲಕ್ಕೆ ಅಂಟಿಕೊಂಡೇ ಅದರ ದೌರ್ಬಲ್ಯವನ್ನೂ ಇಟ್ಟಿದ್ದಾರೆ. ನಮ್ಮ ಐದು ಗೊಂಬೆಗಳ ಕಮಾಂಡೋ ದಳಕ್ಕೆ ಅಂಥ ಒಂದು ಕಟ್ಟು ಇರಲಿಲ್ಲ.

ಕಟ್ಟು ಹುಡುಕುತ್ತ ಹೋದ ದಾರಿಯಲ್ಲಿ ಬಿಟ್ಟುಬಿಟ್ಟ ಕಟ್ಟಳೆಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ, ಉಳಿದವು ಹೇಳುವಷ್ಟು ಸ್ವಾರಸ್ಯದವಲ್ಲ. ಆಯ್ದ ದಳ ಅಳಿದರೆ ಎದುರಾಳಿಗೆ ಎರಡು ಪದಕ ಕೊಡಬೇಕೆಂದು ಒಮ್ಮೆ ಗೊತ್ತುಮಾಡಿದೆವು. ಕಾಗದದ ಮೇಲೆ ಅದು ಬಹಳ ಚೆನ್ನಾಗಿತ್ತು. ಹಲಗೆಯ ಮೇಲೆ ನನ್ನ ಭಾವ ತನ್ನ ಕಮಾಂಡೋಗಳನ್ನು ಹಿಂದಿನ ಸಾಲಿನ ಊರೊಂದರಲ್ಲಿ, ಕಪಾಟಿನಲ್ಲಿ ಚಿನ್ನವಿಟ್ಟಂತೆ, ಆಟ ಮುಗಿಯುವವರೆಗೆ ಭದ್ರವಾಗಿಟ್ಟ. ಧೈರ್ಯಕ್ಕೆಂದು ಮಾಡಿದ ಕಟ್ಟಳೆ ಹೇಡಿತನವನ್ನು ಕಲಿಸಿತು. ಇನ್ನೊಂದು, ಆಯ್ದ ದಳಕ್ಕೆ ಕದನದಲ್ಲಿ ಒಂದು ಸಲ ಕಾರ್ಡಿನ ಅಪ್ಪಣೆಯಿಲ್ಲದೆಯೇ ನಡೆಯುವ ಸ್ವಾತಂತ್ರ್ಯ. ತರಬೇತಾದ ಸೈನಿಕರು ಮೇಲಿನವರ ಮಾತಿಗೆ ಕಾಯದೆ ಸ್ವಂತ ಬುದ್ಧಿಯಿಂದ ವರ್ತಿಸುತ್ತಾರೆ ಎಂಬುದು ಅದರ ಹಿಂದಿನ ತರ್ಕ, ತರ್ಕದಲ್ಲಿ ತಪ್ಪಿಲ್ಲ. ಆದರೆ ಎಡದಲ್ಲಿ ಬೆಂಕಿ ಬಿದ್ದಿರುವಾಗ ಕೈಯಲ್ಲಿ ಬರೇ ಬಲದ ಕಾರ್ಡುಗಳನ್ನು ಹಿಡಿದು ಹಲ್ಲು ಕಡಿಯುವುದೇ ಈ ಆಟದ ಜೀವ. ಅದನ್ನು ಒಂದು ಸಲದ ಮಟ್ಟಿಗೆ ತೆಗೆದರೂ ಆಟ ಸಪ್ಪೆಯಾಗುತ್ತದೆ. ಮೂರು ಆಟಗಳ ಬಳಿಕ ಅದನ್ನೂ ಬಿಟ್ಟೆವು.

ಈಗ ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿರುವ ಕಟ್ಟಳೆ ಹೀಗಿದೆ. ಆಯ್ದ ದಳಕ್ಕೆ ನಾಲ್ಕರ ಬದಲು ಮೂರೇ ಗೊಂಬೆ. ಎರಡು ಮನೆ ನಡೆದು ಹೊಡೆಯುವ ಪುಸ್ತಿಕೆಯ ನಿಯಮ ಹಾಗೆಯೇ ಇರುತ್ತದೆ. ತನ್ನ ಮೇಲೆ ಬಿದ್ದ ಬಾವುಟಗಳಲ್ಲಿ ಒಂದನ್ನು ಅದು ಲೆಕ್ಕಿಸಬೇಕಿಲ್ಲ. ಆದರೆ ಕೊನೆಯ ಒಂದು ಗೊಂಬೆ ಮಾತ್ರ ಉಳಿದಾಗ ಈ ಅನುಕೂಲವಿಲ್ಲ. ಅಷ್ಟೇ.

ಬಾವುಟವನ್ನು ಲೆಕ್ಕಿಸದಿರುವುದು ಸಣ್ಣ ಸೌಲಭ್ಯದಂತೆ ಕಂಡರೂ ಸಣ್ಣದಲ್ಲ. ಮೂರು ದಾಳಗಳಲ್ಲಿ ಒಂದಾದರೂ ಬಾವುಟ ಬೀಳುವ ಸಂಭವ ನೂರರಲ್ಲಿ ಸುಮಾರು 42. ಎರಡು ಅಥವಾ ಹೆಚ್ಚು ಬೀಳುವುದು ನೂರರಲ್ಲಿ ಏಳು ಸಲ. ಹೆಚ್ಚುಕಡಿಮೆ ಅರ್ಧದಷ್ಟು ಸಲ ಹಿಂದೆ ಸರಿಯಬೇಕಾಗಿದ್ದ ದಳ ಈಗ ಹದಿನಾಲ್ಕರಲ್ಲಿ ಒಂದು ಸಲ ಸರಿಯುತ್ತದೆ ಎಂದಾಯಿತು. ಮರಳಿನ ಚೀಲಗಳ ಹಿಂದೆ ಕೂತ ಯಾವ ದಳಕ್ಕೂ ಪುಸ್ತಿಕೆಯೇ ಈ ಸೌಲಭ್ಯವನ್ನು ಕೊಟ್ಟಿರುವುದರಿಂದ ಆಟಕ್ಕೆ ಇದು ಹೊರಗಿನದೆನಿಸುವುದಿಲ್ಲ. ಎರಡೂ ಒಟ್ಟಿಗೆ ಬಂದಾಗ ಕೂಡಿಸಬಾರದು ಎಂದು ಮಾತ್ರ ನಾವು ಕೆಳಗೊಂದು ಸಾಲು ಬರೆದುಕೊಂಡಿದ್ದೇವೆ.

ನಿಜವಾದ ಕಟ್ಟು ಇರುವುದು ಮೂರು ಎಂಬ ಸಂಖ್ಯೆಯಲ್ಲಿ. ಬಯಲಿನಲ್ಲಿ ನಿಂತ ಮೂರು ಗೊಂಬೆಗಳ ದಳವನ್ನು ಪಕ್ಕದ ಕಾಲಾಳು ಮೂರು ದಾಳಗಳಿಂದ ಒಂದೇ ಏಟಿಗೆ ಅಳಿಸುವ ಸಂಭವ ಎಂಟರಲ್ಲಿ ಒಂದು. ಅದೇ ದಳ ಕಾಡಿನೊಳಗಿದ್ದರೆ ಹೊಡೆಯುವ ಕಾಲಾಳಿಗೆ ಒಂದು ದಾಳ ಕಡಿಮೆ, ಟ್ಯಾಂಕಿಗೆ ಎರಡು ಕಡಿಮೆ. ಎರಡು ದಾಳಗಳು ಮೂರು ಗೊಂಬೆಗಳನ್ನು ಕೊಲ್ಲುವುದು ಹೇಗೆ? ಆದುದರಿಂದ ದಾಳ ಹೆಚ್ಚಿಸುವ ಕಾರ್ಡು ಬೀಳದಿದ್ದರೆ ಕಾಡಿನಲ್ಲಿ ಅದಕ್ಕೆ ಹಠಾತ್ ಸಾವಿಲ್ಲ, ಬಯಲಿನಲ್ಲಿದೆ. ಕಾಡಿಗೆ ನುಗ್ಗಿದ ಸರದಿಯಲ್ಲಿ ಹೊಡೆಯುವಂತಿಲ್ಲ ಎಂಬ ಪುಸ್ತಿಕೆಯ ನಿಯಮವೂ ಇದರ ಜೊತೆ ಸೇರಿಕೊಂಡಾಗ ಆಟಗಾರನ ನಡವಳಿಕೆ ತಾನಾಗಿಯೇ ಬದಲಾಗುತ್ತದೆ. ಮರೆಯಲ್ಲಿ ಕಾದಿರುವುದು, ಸಮಯ ನೋಡಿ ಎರಡು ಮನೆ ಹೊರನುಗ್ಗಿ ಹೊಡೆಯುವುದು, ಹೊಡೆದ ಮೇಲೆ ಹಿಂದಿರುಗಲು ನಡೆ ಉಳಿಯದೆ ಒಂದು ಸರದಿ ಬಯಲಿನಲ್ಲಿ ಉಸಿರು ಬಿಗಿಹಿಡಿದು ನಿಲ್ಲುವುದು. ಕಮಾಂಡೋಗಳು ಹೀಗೆ ವರ್ತಿಸಬೇಕೆಂದು ನಾವು ಎಲ್ಲಿಯೂ ಬರೆಯಲಿಲ್ಲ. ಒಂದು ಗೊಂಬೆ ಕಡಿಮೆ ಮಾಡಿದೆವು.

ಕಳೆದ ತಿಂಗಳ ಒಂದು ಆಟವನ್ನು ಉದಾಹರಿಸುತ್ತೇನೆ. ನನ್ನ ಆಯ್ದ ದಳ ಎಡಪಕ್ಕದ ಕಾಡಿನಲ್ಲಿತ್ತು. ಭಾವನ ಎರಡು ಕಾಲಾಳು ದಳಗಳು ಅದಕ್ಕೆ ತಾಗಿ ನಿಂತವು. ಮೊದಲನೆಯದರ ಎರಡು ದಾಳಗಳಲ್ಲಿ ಒಂದು ಕಾಲಾಳಿನ ಮುಖ, ಒಂದು ಬಾವುಟ: ಒಂದು ಗೊಂಬೆ ಹೋಯಿತು, ಬಾವುಟವನ್ನು ಲೆಕ್ಕಿಸಲಿಲ್ಲ. ಎರಡನೆಯದರಲ್ಲಿ ಗ್ರೆನೇಡ್ ಮತ್ತು ನಕ್ಷತ್ರ: ಇನ್ನೊಂದು ಗೊಂಬೆ ಹೋಯಿತು. ಉಳಿದವನು ಒಬ್ಬ, ಅವನ ಪಕ್ಕದಲ್ಲಿ ಕೆಂಪು ಕಾಯಿ. ನನ್ನ ಕೈಯಲ್ಲಿ ಎಡಕ್ಕೆ ಒಂದು ಕಾರ್ಡೂ ಇರಲಿಲ್ಲ. ಮುಂದಿನ ಸರದಿಯಲ್ಲಿ ಭಾವನ ದಾಳಗಳಲ್ಲಿ ಬಿದ್ದದ್ದು ಒಂದು ಬಾವುಟ ಮತ್ತು ಒಂದು ಟ್ಯಾಂಕ್. ಒಬ್ಬನೇ ಆದುದರಿಂದ ಈಗ ಬಾವುಟಕ್ಕೆ ತಲೆಬಾಗಲೇಬೇಕು, ಹಿಂದಿನ ಮನೆ ಬಯಲು. ಎರಡನೆಯ ದಳ ಎರಡು ಮನೆ ದೂರದಿಂದ ಗುಂಡು ಹಾರಿಸಿತು, ತಾಗಲಿಲ್ಲ. ಅಷ್ಟರಲ್ಲಿ ನನಗೆ ಎಡದ ಕಾರ್ಡು ಬಂದಿತ್ತು. ಆ ಒಬ್ಬನೇ ಮರಳಿ ನುಗ್ಗಿ ಮೂರು ದಾಳ ಹಾಕಿ ಆಗಲೇ ಎರಡು ಗೊಂಬೆ ಕಳೆದುಕೊಂಡಿದ್ದ ದಳವೊಂದನ್ನು ಮುಗಿಸಿದ. ಮರುಸರದಿಯಲ್ಲಿಯೇ ತಾನೂ ಮುಗಿದ. ಆ ಆಟವನ್ನು ನಾನು ಸೋತೆ. ಆದರೂ ಜಗಲಿಯಲ್ಲಿ ಕೂತು ನೋಡುತ್ತಿದ್ದವರು ಚಹಾ ತಣಿಯುವುದನ್ನು ಮರೆತಿದ್ದರು, ಐದು ಗೊಂಬೆಗಳ ಕಾಲದಲ್ಲಿ ಹಾಗೆ ಎಂದೂ ಆಗಿರಲಿಲ್ಲ.

ಫಿರಂಗಿಯ ವಿಷಯದಲ್ಲಿ ಒಂದು ಉಪಕಟ್ಟಳೆಯಿದೆ. ಕಾಡು, ಊರುಗಳ ಮರೆ ಫಿರಂಗಿಯ ದಾಳಗಳನ್ನು ಕಡಿಮೆ ಮಾಡುವುದಿಲ್ಲವಾದ್ದರಿಂದ ನಮ್ಮ ಮೂರು ಗೊಂಬೆಗಳ ದಳಕ್ಕೆ ಕಾಡಿನೊಳಗೂ ಭಯವಿರುವುದು ಮುಖ್ಯವಾಗಿ ಅದರಿಂದಲೇ, ಇದು ಸರಿಯಾದದ್ದೇ. ಆದರೆ ಫಿರಂಗಿಯ ಪಕ್ಕಕ್ಕೆ ನುಗ್ಗಿದ ಕಮಾಂಡೋಗಳು ಅದನ್ನು ಒಂದೇ ಏಟಿಗೆ ಕೆಡಿಸುವ ಸಂಭವ ಪುಸ್ತಿಕೆಯ ಪ್ರಕಾರ ನೂರರಲ್ಲಿ ಏಳು ಮಾತ್ರ. ಫಿರಂಗಿ ಕೆಡಿಸಲೆಂದೇ ಬಂಡೆ ಹತ್ತಿದವರಿಗೆ ಇದು ಅನ್ಯಾಯವೆನಿಸಿ, ಆಯ್ದ ದಳ ಪಕ್ಕದ ಫಿರಂಗಿಯನ್ನು ಹೊಡೆಯುವಾಗ ನಕ್ಷತ್ರವೂ ತಾಗಿದಂತೆ ಎಂದು ಸೇರಿಸಿದೆವು. ಸಂಭವ ನೂರರಲ್ಲಿ 26ಕ್ಕೆ ಏರಿತು. ಆ ಕೆಲವು ಕಾರ್ಡುಗಳನ್ನು ಬಿಟ್ಟರೆ ಬೇರೆಲ್ಲಿಯೂ ನಕ್ಷತ್ರಕ್ಕೆ ಬೆಲೆಯಿಲ್ಲದ ಕಾರಣ ಇದರಿಂದ ಉಳಿದ ಆಟಕ್ಕೆ ಧಕ್ಕೆಯಾಗಿಲ್ಲ.

ಇದೇ ದಾರಿಯಲ್ಲಿ ಆಟವನ್ನು ರೂಪಿಸಿದವರೂ ನಡೆದಿದ್ದಾರೆ ಎಂಬುದು ನಮಗೆ ಆಮೇಲೆ ತಿಳಿಯಿತು. ಪೆಸಿಫಿಕ್ ರಣರಂಗದ ಪೂರಕ ಪೆಟ್ಟಿಗೆಯಲ್ಲಿ ಪೂರ್ಣ ಸಂಖ್ಯೆಯಲ್ಲಿರುವ ಜಪಾನಿ ಕಾಲಾಳು ದಳಕ್ಕೆ ಪಕ್ಕದ ಶತ್ರುವಿನ ಮೇಲೆ ಒಂದು ದಾಳ ಹೆಚ್ಚು. ಒಂದು ಗೊಂಬೆ ಬಿದ್ದೊಡನೆ ಆ ದಾಳವೂ ಹೋಗುತ್ತದೆ. ನಾಲ್ಕನೆಯ ದಾಳವನ್ನು ಕೊಡಲೇಬೇಕಾದರೆ ಕೊಡುವ ಕ್ರಮ ಅದು. ನಾವು ಕೊಟ್ಟಿದ್ದಾಗ ಹಿಂದೆಗೆದುಕೊಳ್ಳುವ ದಾರಿಯನ್ನೇ ಇಟ್ಟಿರಲಿಲ್ಲ. ಮೂಲ ಪೆಟ್ಟಿಗೆಯಲ್ಲಿಯೂ, ಒಂದು ಕಾಲಾಳು ದಳ ಮೂರು ಮನೆ ನಡೆದು, ಒಂದು ದಾಳ ಹೆಚ್ಚಾಗಿ ಹೊಡೆದು, ಮತ್ತೆ ಮೂರು ಮನೆ ನಡೆದು ಮರೆಯಾಗುವಂತೆ ಮಾಡುವ ಒಂದು ಕಾರ್ಡಿದೆ. ಸಾಮಾನ್ಯ ದಳವನ್ನೂ ಒಂದು ಸರದಿಯ ಕಮಾಂಡೋ ಮಾಡುವ ಕಾರ್ಡು ಅದು. ಕಟ್ಟಳೆ ಬರೆಯುವ ತುರ್ತಿರುವವರು ಮೊದಲು ಪೆಟ್ಟಿಗೆಯಲ್ಲಿರುವ ಕಾರ್ಡುಗಳನ್ನೆಲ್ಲ ಓದಿ ಮುಗಿಸುವುದು ಒಳ್ಳೆಯದು. ನಾನು ಓದದೆ ಬರೆದವರಲ್ಲಿ ಒಬ್ಬ.

ಯಾವ ದಳಕ್ಕೆ ಕೆಂಪು ಕಾಯಿ ಇಡಬೇಕು ಎಂಬ ಪ್ರಶ್ನೆ ಲೆಕ್ಕಕ್ಕಿಂತ ಕಷ್ಟದ್ದು. ಹುಡುಗರು ರೆಜಾಂಗ್ ಲಾ ಕದನವನ್ನು ಹಲಗೆಗೆ ತರಬೇಕೆಂದು ಹಠ ಹಿಡಿದಾಗ ಇದು ಎದ್ದಿತು. 1962ರ ನವೆಂಬರ್ 18ರಂದು ಲಡಾಖಿನಲ್ಲಿ, 16,000 ಅಡಿಗಿಂತ ಎತ್ತರದ ಆ ಕಣಿವೆದಾರಿಯಲ್ಲಿ, ಮೇಜರ್ ಶೈತಾನ್ ಸಿಂಗರ ನೇತೃತ್ವದ 13ನೆಯ ಕುಮಾವ್ ಪಡೆಯ ಚಾರ್ಲಿ ಕಂಪನಿಯ ಸುಮಾರು 120 ಮಂದಿಯಲ್ಲಿ 114 ಮಂದಿ ಸ್ಥಾನ ಬಿಡದೆ ಮಡಿದರು. ಅವರಿಗೆಲ್ಲ ಕೆಂಪು ಕಾಯಿ ಬೇಕೆಂದು ಸೋದರಳಿಯ ವಾದಿಸಿದ. ನಾನು ಒಪ್ಪಲಿಲ್ಲ. ಅವರು ಬಂಡೆ ಹತ್ತಲು, ಶತ್ರುವಿನ ಬೆನ್ನಿಗೆ ಇಳಿಯಲು ಪ್ರತ್ಯೇಕವಾಗಿ ತರಬೇತಾದ ದಳವಲ್ಲ, ಸಾಮಾನ್ಯ ಕಾಲಾಳು ಪಡೆ. ಅವರ ಹಿರಿಮೆ ಇರುವುದೇ ಅದರಲ್ಲಿ. ನಮ್ಮ ಕಟ್ಟಳೆಯ ಕಾಯಿ ತರಬೇತಿಯ ಗುರುತಾಗಿರಬೇಕೇ ಹೊರತು ಶೌರ್ಯದ ಪದಕವಾಗಬಾರದು, ಹಾಗಾದರೆ ಕಾಯಿಯಿಲ್ಲದವರೆಲ್ಲ ಅಂಜುಬುರುಕರೆಂದಂತಾಗುತ್ತದೆ. ಕೊನೆಗೆ ಆ ಕದನದಲ್ಲಿ ಭಾರತದ ಎಲ್ಲ ದಳಗಳಿಗೂ ನಾಲ್ಕು ಗೊಂಬೆ, ಒಂದೇ ಮನೆಯ ನಡೆ, ಸ್ಥಾನದಲ್ಲಿ ನಿಂತಿರುವವರೆಗೆ ಯಾವ ಬಾವುಟವೂ ಲೆಕ್ಕಕ್ಕಿಲ್ಲ ಎಂದು ಬರೆದೆವು. ಆ ಆಟದಲ್ಲಿ ಗೆಲುವನ್ನು ಪದಕಗಳಿಂದ ಅಳೆಯುವುದು ಹೇಗೆಂದು ಇನ್ನೂ ಇತ್ಯರ್ಥವಾಗಿಲ್ಲ.

ಕೊಳ್ಳುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಬೆಲೆ ಜೇಬಿಗೆ ಭಾರವೇ. ನಾನು ಬೆಂಗಳೂರಿನಲ್ಲಿರುವ ಸೋದರಳಿಯನ ಅಣ್ಣನ ಮೂಲಕ ತರಿಸಿಕೊಂಡೆ, ಊರಿಗೆ ಕಳುಹಿಸಿದ ಕೊರಿಯರಿನವರು ಪೆಟ್ಟಿಗೆಯ ಒಂದು ಮೂಲೆಯನ್ನು ಜಜ್ಜಿಕೊಟ್ಟರು. ಕಾರ್ಡುಗಳಲ್ಲಿ ಇಂಗ್ಲಿಷ್ ಬರಹವಿರುವುದರಿಂದ, ಪ್ಲಾಸ್ಟಿಕ್ ಲಕೋಟೆಗಳಿಗೆ ಹಾಕಿ, ಒಳಗೆ ಕನ್ನಡದ ಚೀಟಿಗಳನ್ನು ಸೇರಿಸಿಕೊಂಡಿದ್ದೇವೆ. ನೆರೆಮನೆಯ ಮಲಯಾಳಂ ಶಾಲೆಯ ಹುಡುಗನಿಗಾಗಿ ಅವುಗಳ ಬೆನ್ನಿಗೆ ಇನ್ನೊಂದು ಚೀಟಿಯೂ ಬಂತು. ದಾಳಕ್ಕೆ ಮಾತ್ರ ಭಾಷೆಯ ಹಂಗಿಲ್ಲ. ನಮ್ಮ ಜಗಲಿಯಲ್ಲಿ ಕನ್ನಡ, ತುಳು, ಮಲಯಾಳಂ ಮೂರರಲ್ಲಿಯೂ ಅದನ್ನು ಶಪಿಸಲಾಗುತ್ತದೆ. ನಮ್ಮ ಕಡೆಯ ಮಳೆಗಾಲಕ್ಕೆ ರಟ್ಟಿನ ಹಲಗೆಯನ್ನು ನೆಲಕ್ಕೆ ತಾಗಿಸಿಡಬಾರದು. ನಾನು ಇಟ್ಟೆ, ಒಂದು ಅಂಚು ಉಬ್ಬಿ ಬೂಷ್ಟು ಹಿಡಿಯಿತು. ಈಗ ಅಡಿಕೆ ಒಣಗಿಸುವ ಅಟ್ಟದ ಬೆಚ್ಚಗಿನ ಮೂಲೆಯಲ್ಲಿ, ತೇವ ಹೀರುವ ಪೊಟ್ಟಣಗಳ ಜೊತೆ ಅದರ ವಾಸ. ಒಂದು ಕದನಕ್ಕೆ ಮುಕ್ಕಾಲು ಗಂಟೆ ಸಾಕು, ಆದರೆ ಹಲಗೆ ಜೋಡಿಸಲು ಕಾಲು ಗಂಟೆ ಬೇರೆ ಬೇಕು. ಯುದ್ಧದ ಸೂಕ್ಷ್ಮಗಳನ್ನೆಲ್ಲ ಬಯಸುವವರಿಗೆ, ಆಹಾರ ಸರಬರಾಜಿನಿಂದ ಹಿಡಿದು ಟ್ಯಾಂಕಿನ ಕವಚದ ದಪ್ಪದವರೆಗೆ ಲೆಕ್ಕವಿಡುವವರಿಗೆ, ಇದು ಮಕ್ಕಳಾಟವೆನಿಸೀತು. ನನ್ನ ಮಟ್ಟಿಗೆ ಇದರ ನಿಯಮಗಳು ಎಷ್ಟು ಕಡಿಮೆಯೆಂದರೆ, ಒಂದನ್ನು ಬದಲಿಸಿದರೆ ಏನೇನು ಅಲುಗಾಡುತ್ತದೆಂದು ಕಣ್ಣಿಗೆ ಕಾಣುತ್ತದೆ. ಮನೆಕಟ್ಟಳೆ ಮಾಡಿ ನೋಡುವವರಿಗೆ ಅದಕ್ಕಿಂತ ಒಳ್ಳೆಯ ಗುಣ ಬೇರೆ ಬೇಕಿಲ್ಲ.

ಸದ್ಯ ಕೈಯಲ್ಲಿರುವುದು ಈಗಿನ ಬಾಂಗ್ಲಾದೇಶದ ಟಾಂಗೈಲ್ ಕದನ. 1971ರ ಡಿಸೆಂಬರ್ 11ರಂದು ಭಾರತದ ಎರಡನೆಯ ಪ್ಯಾರಾ ಪಡೆ ವಿಮಾನಗಳಿಂದ ಪ್ಯಾರಾಶೂಟಿನಲ್ಲಿ ಇಳಿದು ಪೂಂಗ್ಲಿ ಸೇತುವೆಯನ್ನು ವಶಪಡಿಸಿಕೊಂಡ ಪ್ರಸಂಗಕ್ಕೆ ನಕ್ಷೆ ಸಿದ್ಧವಾಗಿದೆ, ಮೂರು ಕೆಂಪು ಕಾಯಿಗಳೂ ಸಿದ್ಧವಾಗಿವೆ. ಪ್ಯಾರಾಶೂಟಿನ ಇಳಿತಕ್ಕೆ ಪುಸ್ತಿಕೆಯ ನಾರ್ಮಂಡಿ ಕದನವೊಂದರಲ್ಲಿರುವ ಸೊಗಸಾದ ನಿಯಮವನ್ನೇ ಎತ್ತಿಕೊಂಡಿದ್ದೇವೆ: ಗೊಂಬೆಗಳನ್ನು ಅಂಗೈಯಲ್ಲಿ ಹಿಡಿದು ಹಲಗೆಯಿಂದ ಒಂದು ಅಡಿ ಮೇಲಿನಿಂದ ಉದುರಿಸಬೇಕು; ಖಾಲಿ ಮನೆಯಲ್ಲಿ ಬಿದ್ದವನು ಅಲ್ಲಿ ದಳವಾಗುತ್ತಾನೆ, ಹಲಗೆಯಾಚೆ ಬಿದ್ದವನು ಹೋದಂತೆಯೇ. ಮೊದಲ ಪ್ರಯತ್ನದಲ್ಲಿ ಒಬ್ಬ ಜಗಲಿಯ ಮೆಟ್ಟಿಲಿಳಿದು ಅಂಗಳದ ನೀರು ಸೇರಿದ. ಅವನನ್ನು ತೋಡಿನ ಬಾಯಿಯಲ್ಲಿ ಹಿಡಿದು ತರಬೇಕಾಯಿತು. ಇನ್ನೊಬ್ಬ ಸೇತುವೆಯಿಂದ ಐದು ಮನೆ ಆಚೆ ಹೊಳೆಯಲ್ಲಿ ಬಿದ್ದ. ಆಯ್ದ ದಳವಾದುದರಿಂದ ಉದುರಿಸುವ ಎತ್ತರವನ್ನು ಅರ್ಧ ಅಡಿಗೆ ಇಳಿಸಬೇಕೆಂಬುದು ಸೋದರಳಿಯನ ವಾದ, ಒಂದು ಅಡಿಯೇ ಇರಲಿ ಎಂಬುದು ಭಾವನದು. ಉದುರಿಸುವ ಮೊದಲು ಫ್ಯಾನ್ ಆರಿಸಬೇಕು ಎಂಬ ಒಂದು ಸಾಲನ್ನು ಮಾತ್ರ ಸದ್ಯಕ್ಕೆ ಇಬ್ಬರೂ ಒಪ್ಪಿ ಬರೆದುಕೊಂಡಿದ್ದಾರೆ.